ಪಿಂಗಳಕನ ಉಗುರು, ದಮನಕನ ನಾಲಗೆ

ನೀತಿಕಥೆಯನ್ನು ಚಿತ್ರಿಸಹೊರಟವನಿಗೆ ಮೊದಲು ಎದುರಾಗುವ ತೊಡಕು ಮಾತಿನದು. ಮೃಗದ ಮೈಬಣ್ಣ, ನಿಲುವು, ನೆಗೆತಗಳನ್ನು ಕುಂಚವು ಹಿಡಿಯಬಲ್ಲುದು. ಕಥೆಯ ಜೀವಾಳವಾದರೋ ಆ ಮೃಗಗಳಾಡುವ ಮಾತಿನಲ್ಲಿದೆ. ಕಿವಿಗೆ ಮಾತ್ರ ಗೋಚರವಾದ ಅದನ್ನು ಕಣ್ಣಿಗೆ ಕಾಣಿಸುವುದೆಂತು? ಪಂಚತಂತ್ರದ ಒಂದು ಜಲವರ್ಣ ಚಿತ್ರವು ಈ ಪ್ರಶ್ನೆಗೆ ಕೊಡುವ ಉತ್ತರ ಸಹೃದಯರು ಮನನ ಮಾಡತಕ್ಕಂಥದು.

ಸಿಂಹರಾಜ ಪಿಂಗಳಕನಿಗೂ ವೃಷಭ ಸಂಜೀವಕನಿಗೂ ಬೆಳೆದ ಸ್ನೇಹವನ್ನು ದಮನಕನೆಂಬ ನರಿಯ ಚಾಡಿ ಕೆಡಿಸಿದ ಕಥೆ ಕನ್ನಡಿಗರಿಗೆ ಹೊಸದಲ್ಲ. ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ವಸುಭಾಗಭಟ್ಟನ ಪಾಠವನ್ನನುಸರಿಸಿ 1031ರ ಸುಮಾರಿನಲ್ಲಿ ಅದನ್ನು ಚಂಪುವಾಗಿ ರಚಿಸಿದನು. ಅದಕ್ಕೂ ಮೊದಲೇ ಪಂಚತಂತ್ರವು 6ನೆಯ ಶತಮಾನದಲ್ಲಿ ಪಹ್ಲವಿ ಭಾಷೆಗೂ, 8ನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫನಿಂದ ಅರಬ್ಬಿಗೂ ಹೋಗಿತ್ತು. ಮುಂದೆ ಪಾರಸಿಗೂ ಇಳಿಯಿತು. ಕರಟಕ ದಮನಕರು ಅಲ್ಲಿ ಕಲೀಲ ದಿಮ್ನರಾದರು. 1429ರಲ್ಲಿ ಹೆರಾತ್ ನಗರದಲ್ಲಿ ರಾಜಕುಮಾರ ಬೈಸುಂಗುರನಿಗಾಗಿ ಸಿದ್ಧಗೊಂಡ ಸಚಿತ್ರ ಪಾರಸಿ ಪ್ರತಿಯೊಂದು ಇಸ್ತಾಂಬುಲ್ಲಿನ ತೋಪ್‌ಕಾಪಿ ಅರಮನೆಯಲ್ಲಿದೆ. ಪ್ರಸ್ತುತ ಚಿತ್ರ ಅದರೊಳಗಿನದು.

ಸಿಂಹವು ವೃಷಭದ ಮೇಲೆರಗಿದೆ. ನೋಡುವವನ ದೃಷ್ಟಿ ಮೊದಲು ಹರಿಯುವುದು ಆ ಕಾದಾಟದ ಕಡೆಗೇ. ಅನಂತರ ಬದಿಯಲ್ಲಿ ನಿಂತು ನೋಡುತ್ತಿರುವ ಎರಡು ನರಿಗಳು ಕಾಣುತ್ತವೆ. ಕಾದಾಟದಲ್ಲಿ ಅವುಗಳ ಉಗುರಿಗೆ ಕೆಲಸವಿಲ್ಲ. ಆದರೂ ಕೊಲೆ ಹುಟ್ಟಿದ್ದು ಅಲ್ಲಿಯೇ. ಅವೆರಡನ್ನು ಅಳಿಸಿದರೆ ಉಳಿಯುವುದು ಬರಿಯ ಬೇಟೆಯ ಚಿತ್ರ. ಸಿಂಹ ಎತ್ತನ್ನು ಕೊಲ್ಲುವುದು ಪ್ರಕೃತಿ; ಮಿತ್ರನು ಮಿತ್ರನನ್ನು ಕೊಲ್ಲುವುದು ದುರಂತ. ಪ್ರಕೃತಿಯನ್ನು ದುರಂತವಾಗಿಸುವವರು ಬದಿಯಲ್ಲಿ ನಿಂತ ಈ ಪ್ರೇಕ್ಷಕರೇ. ಚಿತ್ರಕಾರನು ಮಾತನ್ನು ಬರೆಯಲಾರದೆ ಮಾತಾಡಿದವನನ್ನು ಬರೆದಿದ್ದಾನೆ. ಆದರೆ ಇಲ್ಲಿಯೇ ಚಿತ್ರದ ಮಿತಿಯೂ ಇದೆ. ಚಾಡಿ ಹೇಳಿದ ದಮನಕನಾರು, ಅವನನ್ನು ಖಂಡಿಸಿದ ಕರಟಕನಾರು ಎಂಬುದನ್ನು ಕಥೆಯನ್ನರಿಯದವನಿಗೆ ಬಣ್ಣ ತಿಳಿಸಲಾರದು.

ಈ ಬೆಳಕಿನಲ್ಲಿ ನಮ್ಮ ಜನಪದರ ಗೋವಿನ ಹಾಡಿಗೆ ಬರೆಯುವ ಚಿತ್ರಗಳನ್ನು ಪರಿಶೀಲಿಸಬಹುದು. ಹುಲಿಯ ಕೋರೆ, ಹಸುವಿನ ಸಾಧುಮುಖ, ಇಷ್ಟಕ್ಕೇ ತೃಪ್ತವಾದ ಚಿತ್ರ ಭಯವನ್ನಷ್ಟೇ ಕಲಿಸುತ್ತದೆ. ದೇವರಾಯನದುರ್ಗದ ಕಾಡಿನ ಮಗ್ಗುಲಲ್ಲಿ, ಊರ್ಡಿಗೆರೆಯ ಸುತ್ತಿನಲ್ಲಿ ದನ ಕಾಯುವವರ ಮಕ್ಕಳಿಗೆ ಚಿರತೆಯ ಭಯವನ್ನು ಪುಸ್ತಕ ಕಲಿಸಬೇಕಾಗಿಲ್ಲ. ಕಲಿಸಬೇಕಾದುದು, ಕರುವನ್ನು ದೊಡ್ಡಿಯಲ್ಲಿ ಬಿಟ್ಟು ಕೊಟ್ಟ ಮಾತಿಗಾಗಿ ಮರಳಿ ನಡೆದ ಪುಣ್ಯಕೋಟಿಯ ಹೆಜ್ಜೆ. ಮೊದಲ ಭೇಟಿಯಲ್ಲಿ ಅವಳು ಬೇಟೆ, ಎರಡನೆಯದರಲ್ಲಿ ಸತ್ಯವ್ರತೆ. ಕುಂಚವು ಆರಿಸಿಕೊಳ್ಳಬೇಕಾದ ಗಳಿಗೆ ಎರಡನೆಯದು. ಅಲ್ಲಿ ತಗ್ಗಬೇಕಾದುದು ಹುಲಿಯ ತಲೆ.

ಒಂದು ಕಥೆಯಲ್ಲಿ ಮಾತು ಕೊಂದಿತು, ಇನ್ನೊಂದರಲ್ಲಿ ಕಾಯಿತು. ನುಡಿಯನ್ನು ನಡೆಯಿಂದ ಅಳೆದ ಶರಣರ ನಾಡಿನಲ್ಲಿ ಮಕ್ಕಳ ಕೈಗೆ ಕೊಡುವ ಚಿತ್ರಕ್ಕೂ ಅದೇ ಅಳತೆಗೋಲು ಸಲ್ಲಬೇಕು. ಮೃಗದ ಮೈ ಎಷ್ಟು ಸಹಜವಾಗಿದೆ ಎಂಬುದು ಕೌಶಲದ ಮಾತು. ಅದರ ಹಿಂದಿನ ನುಡಿ ಕಂಡಿತೇ ಎಂಬುದೇ ವಿಮರ್ಶೆಯ ಮಾತು.