ಸಂವಿಧಾನದ ಅತಿಚಾರ ಮತ್ತು ಜನರ ಮೌನ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಂತಹ ವಿದ್ಯಾವಂತರ ನೆಲೆಯಲ್ಲಿಯೂ ಸಂವಿಧಾನದ ಉಲ್ಲಂಘನೆಯ ಮಾತು ಬಂದಾಗ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಒಂದು, "ಅದು ವಕೀಲರ ವಿಷಯ." ಇನ್ನೊಂದು, "ಯಾವ ಪಕ್ಷ ಮಾಡಿಲ್ಲ ಹೇಳಿ?" ಮೊದಲನೆಯದು ಕೇವಲ ಆಲಸ್ಯ. ಎರಡನೆಯದರಲ್ಲಿ ತಪ್ಪಿನ ಅರಿವಿದೆ, ಅದರ ಬಗ್ಗೆ ಅಸಮಾಧಾನ ಮಾತ್ರ ಇಲ್ಲ. ಆದ್ದರಿಂದ ಅದೇ ಹೆಚ್ಚು ವಿಚಾರಣೀಯ.

ಈ ಧೋರಣೆಯನ್ನು ಪರೀಕ್ಷಿಸಲು ದೂರದ ನಿದರ್ಶನ ಬೇಕಿಲ್ಲ. 1989ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರಿಗೆ ಬೆಂಬಲವಿಲ್ಲವೆಂದು ಹೇಳುವ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈ ಸೇರಿದವು. ಅವರಲ್ಲಿ 7 ಮಂದಿ ಮರುದಿನಗಳಲ್ಲಿಯೇ ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆಯಿಂದ ಪಡೆಯಲಾಗಿದೆಯೆಂದು ಹಿಂದೆ ಸರಿದರು. ಸದನದಲ್ಲಿಯೇ ಬಹುಮತ ತೋರಿಸುವೆನೆಂದು ಮುಖ್ಯಮಂತ್ರಿಗಳು ಕೇಳಿಕೊಂಡರು. ಅವಕಾಶ ದೊರೆಯಲಿಲ್ಲ. ಏಪ್ರಿಲ್ 21ರಂದು 356ನೇ ವಿಧಿಯನ್ವಯ ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಗೊಂಡಿತು.

ವ್ಯಾಪಾರಿಗೆ ಇದರ ದೋಷ ತಕ್ಷಣ ತಿಳಿಯಬೇಕು. ಗೋದಾಮಿನ ಬಾಗಿಲು ತೆರೆದಿರುವಾಗ ಒಳಹೊಕ್ಕು ಮೂಟೆ ಎಣಿಸದೆ, ಯಾರೋ ತಂದಿತ್ತ ಚೀಟಿಯನ್ನು ನಂಬಿ ದಾಸ್ತಾನು ಪುಸ್ತಕ ಬರೆಯುವ ಗುಮಾಸ್ತನನ್ನು ಯಾವ ಸಾಹುಕಾರನೂ ಉಳಿಸಿಕೊಳ್ಳಲಾರ. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 1994ರ ಮಾರ್ಚ್ 11ರಂದು ಹೇಳಿದ್ದರ ಸಾರವೂ ಇದೇ: ಬಹುಮತವನ್ನು ಅಳೆಯತಕ್ಕ ಸ್ಥಳ ಸದನ, ರಾಜಭವನವಲ್ಲ. ಕರ್ನಾಟಕದ ವಜಾ ಸಂವಿಧಾನಬಾಹಿರವೆಂದು ಸಿದ್ಧವಾಯಿತು. ಆದರೆ ಅಷ್ಟರಲ್ಲಿ ಐದು ವರ್ಷ ಕಳೆದಿದ್ದವು. ಹೋದ ಸಭೆ ಮರಳಿ ಬರುವಂತಿರಲಿಲ್ಲ.

ಜನರು ಏನು ಮಾಡಿದರು? 1989ರ ನವೆಂಬರ್ ಚುನಾವಣೆಯಲ್ಲಿ, ವಜಾ ಮಾಡಿದ ಪಕ್ಷಕ್ಕೇ 224ರಲ್ಲಿ 178 ಸ್ಥಾನಗಳನ್ನಿತ್ತರು. ಜನತಾ ಪರಿವಾರದ ಒಳಜಗಳಕ್ಕೆ ಬೇಸತ್ತಿದ್ದರೆಂಬುದು ನಿಜ. ಮತದಾರನ ಆಯ್ಕೆಯನ್ನು ತಪ್ಪೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಕೆಟ್ಟ ಸರ್ಕಾರ ಹೋಗಲಿ ಎಂಬ ಆಸೆಗೂ ಅದು ಹೇಗಾದರೂ ಹೋಗಲಿ ಎಂಬ ಸಮ್ಮತಿಗೂ ನಡುವೆ ಇರುವ ಅಂತರ ಅಂದು ಚರ್ಚೆಗೇ ಬರಲಿಲ್ಲವೆಂಬಷ್ಟು ಕಡಿಮೆ ಬಂತು. 1990ರ ಅಕ್ಟೋಬರ್‌ನಲ್ಲಿ, ಕೇಂದ್ರದಲ್ಲಿ ಜನತಾದಳದ ನಾಯಕತ್ವವಿದ್ದಾಗ, ಇದೇ ರಾಜ್ಯ ಒಂದು ವಾರ ರಾಷ್ಟ್ರಪತಿ ಆಳ್ವಿಕೆಯಲ್ಲಿತ್ತು. ಅದನ್ನು ಇಂದು ನೆನೆಯುವವರೇ ವಿರಳ.

ಶ್ರಾವಕಾಚಾರದಲ್ಲಿ ಇದಕ್ಕೆ ತಕ್ಕ ವಿವೇಚನೆಯಿದೆ. ವ್ರತವನ್ನು ಪೂರ್ತಿ ಮುರಿಯುವುದು ಅನಾಚಾರ. ಹೊರರೂಪವನ್ನು ಉಳಿಸಿಕೊಂಡು ಒಳಗೆ ಸಡಿಲಿಸುವುದು ಅತಿಚಾರ. 1989ರಲ್ಲಿ ವಿಧಿಯ ಸಂಖ್ಯೆ, ಮುದ್ರೆ, ಸಹಿ ಎಲ್ಲವೂ ಕ್ರಮವಾಗಿದ್ದವು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕಳ್ಳತೂಕ, ಕಲಬೆರಕೆಗಳ ಸಾಲಿನಲ್ಲಿಯೇ ವಿರುದ್ಧರಾಜ್ಯಾತಿಕ್ರಮವೂ ಇದೆ. ಅದು ರಾಜ್ಯದ ಕಟ್ಟಳೆಯನ್ನು ಮೀರುವ ಪ್ರಜೆಯನ್ನು ಕುರಿತದ್ದು. ಕಟ್ಟಳೆಯನ್ನು ಕಾಯಬೇಕಾದವನೇ ಮೀರಿದರೆ ಪ್ರಜೆಗೆ ಅದನ್ನು ಬೋಧಿಸುವವರು ಯಾರು? (ಸಂವಿಧಾನದ ಮೂಲ ಹಸ್ತಪ್ರತಿಯಲ್ಲಿ ಭಗವಾನ್ ಮಹಾವೀರರ ಚಿತ್ರವಿದೆಯೆಂದು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳಲಾಗುತ್ತದೆ. ಆ ಚಿತ್ರವಿರುವ ಆರನೆಯ ಭಾಗ ರಾಜ್ಯಗಳನ್ನೂ ಅವುಗಳ ಶಾಸನಸಭೆಗಳನ್ನೂ ಕುರಿತದ್ದು ಎಂಬುದನ್ನು ಹೇಳುವವರು ಕಡಿಮೆ.)

ಬಸದಿ, ಮಂದಿರಗಳ ಟ್ರಸ್ಟ್‌ಗಳಿಗೂ ಈ ಪ್ರಶ್ನೆ ಹೊರತಲ್ಲ. ವಾರ್ಷಿಕ ಸಭೆ ಕರೆಯದೆ ನಡಾವಳಿ ಪುಸ್ತಕವನ್ನು ಮನೆಮನೆಗೆ ಕಳುಹಿಸಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ಹಲವೆಡೆ ಉಂಟು. ನಮ್ಮವರೇ ತಾನೆ, ಒಳ್ಳೆಯ ಕೆಲಸಕ್ಕೇ ತಾನೆ ಎಂದು ಸದಸ್ಯರೂ ಓದದೆ ಸಹಿ ಮಾಡುತ್ತಾರೆ. ಸಭೆಯಲ್ಲಿ ಎದ್ದು ನಿಂತು ಬೇಡವೆನ್ನಬಹುದಾಗಿದ್ದ ಒಬ್ಬ ಸದಸ್ಯನಿಗೆ ಆ ಪುಸ್ತಕ ತನ್ನ ಮನೆಯ ಪಡಸಾಲೆಗೆ ಬಂದಾಗ ಸಹಿ ಮಾಡದೆ ಹಿಂದಿರುಗಿಸುವುದು ಬಹಳ ಕಷ್ಟ.