ಶುಕ್ರವಾರದ ಪೂಜೆಗೆ ಭಾನುವಾರದ ಮೀಮ್

ಒಮಾನಿನಲ್ಲಿ ಭಾನುವಾರ ದುಡಿಮೆಯ ದಿನ. 2013ರ ಮೇ 1ರಿಂದ ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಮಸ್ಕತ್‌ನ ರೂವಿ, ಘಾಲಾ ಚರ್ಚುಗಳು ತುಂಬಿ ತುಳುಕುವುದೂ ಶುಕ್ರವಾರವೇ. ಆದರೂ ಅಲ್ಲಿ ದುಡಿಯುವ ಮಂಗಳೂರು, ಉಡುಪಿ ಕಡೆಯ ಕಥೋಲಿಕರ ಮೊಬೈಲಿಗೆ ಬಂದು ಬೀಳುವುದು, ಭಾನುವಾರ ಹಾಸಿಗೆ ಬಿಟ್ಟೇಳಲಾರದ ಭಕ್ತನ ಕುರಿತ ಅಮೆರಿಕದ ಮೀಮ್. ಓದುವವನು ಆ ಹೊತ್ತಿಗೆ ಆಫೀಸಿನಲ್ಲಿರುತ್ತಾನೆ. ಪಕ್ಕದ ಯುಎಇಯೂ ಒಮಾನನ್ನು ನೋಡಿಕೊಳ್ಳುವ ಕಥೋಲಿಕ ಬಿಷಪರ ಆಡಳಿತಕ್ಕೇ ಸೇರಿದ್ದು. ಅಲ್ಲಿ 2022ರಿಂದ ಭಾನುವಾರ ರಜೆ. ಗಡಿ ದಾಟಿದರೆ ಅದೇ ಜೋಕಿಗೆ ಜೀವ ಬರುತ್ತದೆ.

ನಗೆಯ ಮೂಲಕ ನಂಬಿಕೆ ಹಂಚುವುದು ಈಗ ಪಡ್ಡೆ ಹುಡುಗರ ಚೇಷ್ಟೆಯಾಗಿ ಉಳಿದಿಲ್ಲ. 2024ರ ಜೂನ್ 14ರಂದು ಪೋಪ್ ಫ್ರಾನ್ಸಿಸ್ ನೂರಕ್ಕೂ ಹೆಚ್ಚು ಹಾಸ್ಯ ಕಲಾವಿದರನ್ನು ವ್ಯಾಟಿಕನ್‌ಗೆ ಕರೆಸಿಕೊಂಡರು. ನಾವು ಪ್ರೀತಿಸುವವರನ್ನು ಕೆಣಕಿ ನಗುವ ಹಾಗೆ ದೇವರ ವಿಷಯದಲ್ಲೂ ನಗಬಹುದು, ವಿಶ್ವಾಸಿಗಳ, ಅದರಲ್ಲೂ ಬಡವರ ನಂಬಿಕೆಗೆ ಮಾತ್ರ ನೋವಾಗಬಾರದು ಎಂಬುದು ಅಂದಿನ ಅವರ ಮಾತಿನ ತಿರುಳು. ಮರುವರ್ಷ ಜುಲೈಯಲ್ಲಿ ಅಂತರ್ಜಾಲದ ಧರ್ಮಪ್ರಚಾರಕರಿಗೆಂದೇ ರೋಮ್‌ನಲ್ಲಿ ಜೂಬಿಲಿ ನಡೆಯಿತು. ಸೆಪ್ಟೆಂಬರ್ 7ರಂದು ಕಾರ್ಲೊ ಅಕುಟಿಸ್ ಸಂತನಾದ. 15ನೇ ವಯಸ್ಸಿಗೇ ತೀರಿಕೊಂಡ ಈ ಜೀನ್ಸ್ ತೊಟ್ಟ ಹುಡುಗನ ಮೇಲೆ ಹುಟ್ಟಿದ ಮೀಮ್‌ಗಳಿಗೆ ಲೆಕ್ಕವಿಲ್ಲ. ತಮಾಷೆಯೆಂದರೆ, ಕಾರ್ಲೊ ಸ್ವತಃ ಕಟ್ಟಿದ ಜಾಲತಾಣದಲ್ಲಿ ಒಂದು ಜೋಕೂ ಇಲ್ಲ. ಅದು ಪರಮಪ್ರಸಾದದ ಪವಾಡಗಳನ್ನು ಊರೂರಿನಿಂದ ಕಲೆಹಾಕಿದ ದಾಖಲೆ.

ಕರಾವಳಿಯವರ ಮಟ್ಟಿಗೆ ಈ ಆಮದು ನಗೆಯ ಬಂಡವಾಳ ಬಯಲಾಗುವುದು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ. ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನಬೇಕಾದ ಸಂಕಟವೇ ಅಮೆರಿಕದ ಕಥೋಲಿಕ ಹಾಸ್ಯದ ದೊಡ್ಡ ಸರಕು. ಅದಕ್ಕೆ ಇತಿಹಾಸವೂ ಇದೆ: 1962ರಲ್ಲಿ ಸಿನ್ಸಿನಾಟಿಯ ಮೆಕ್‌ಡೊನಾಲ್ಡ್ಸ್ ಅಂಗಡಿಯೊಂದು ಶುಕ್ರವಾರದ ಕಥೋಲಿಕ ಗಿರಾಕಿಗಳಿಗಾಗಿಯೇ ಮೀನಿನ ಬರ್ಗರ್ ಹುಟ್ಟುಹಾಕಿತು. ಆದರೆ ಬೂತಾಯಿ ಪುಳಿಮುಂಚಿ, ಅಂಜಲ್ ಫ್ರೈ ಉಂಡು ಬೆಳೆದವನಿಗೆ ಮೀನು ತ್ಯಾಗವೇ? ಅದೂ ಮಸ್ಕತ್‌ನ ಮತ್ರಾದ ಮೀನು ಮಾರುಕಟ್ಟೆ ಕೈಗೆಟಕುವ ದೂರದಲ್ಲಿರುವಾಗ! ಉಪವಾಸದ ಹೆಸರಿನಲ್ಲಿ ಮೀನೂಟ ಹೊಡೆಯುವ ಈ ಭಕ್ತನೇ ನಿಜವಾದ ಹಾಸ್ಯವಸ್ತು. ಅವನ ಮೇಲೆ ಕೊಂಕಣಿಯಲ್ಲೋ ಕನ್ನಡದಲ್ಲೋ ಒಂದು ಸಾಲು ಬರೆದರೆ ಇಡೀ ಗುಂಪು ನಗುತ್ತದೆ, ಜೊತೆಗೆ ತುಸು ನಾಚಿಕೊಳ್ಳುತ್ತದೆ. ಆ ನಾಚಿಕೆಯಲ್ಲಿ ಧರ್ಮೋಪದೇಶವಿದೆ. ದೀರ್ಘ ಪ್ರಸಂಗ, ಪೂಜೆಯ ನಡುವೆ ರಿಂಗಣಿಸುವ ಫೋನು, ಕೊನೆಯ ಆಶೀರ್ವಾದಕ್ಕೆ ಮೊದಲೇ ಪಾರ್ಕಿಂಗ್‌ಗೆ ಓಡುವವರು ಇವೆಲ್ಲ ಇದೇ ಜಾತಿಯ ಸರಕು.

ಹೊರಗಿನವರನ್ನು ಸೆಳೆಯುವುದಕ್ಕೆ ಮೀಮ್ ಎಂಬ ವಾದ ಒಮಾನಿನಲ್ಲಿ ನಡೆಯದು. ಸುಲ್ತಾನ್ ಕಾಬೂಸ್ ಚರ್ಚುಗಳಿಗೆ ಜಾಗ ಕೊಟ್ಟವರು. 2023ರ ಫೆಬ್ರವರಿಯಲ್ಲಿ ವ್ಯಾಟಿಕನ್ ಜೊತೆ ರಾಜತಾಂತ್ರಿಕ ಸಂಬಂಧವೂ ಏರ್ಪಟ್ಟಿತು. ಆದರೆ ಆರಾಧನೆಗೆ ಇರುವ ಅವಕಾಶ ಬಹಿರಂಗ ಮತಪ್ರಚಾರಕ್ಕಿಲ್ಲ. 2011ರ ಸೈಬರ್ ಅಪರಾಧ ಕಾನೂನು ಧಾರ್ಮಿಕ ಮೌಲ್ಯಗಳಿಗೆ ಧಕ್ಕೆ ತರುವ ಪೋಸ್ಟ್‌ಗೆ ಜೈಲುಶಿಕ್ಷೆ ವಿಧಿಸುತ್ತದೆ. ಊರಿನಲ್ಲಿ ಕುಳಿತವನು ಉಡಾಫೆಯಿಂದ ಕಳಿಸಿದ ಅನ್ಯಧರ್ಮದ ಲೇವಡಿ ಮಸ್ಕತ್‌ನ ನೌಕರನಿಗೆ ಕೆಲಸಕ್ಕೇ ಸಂಚಕಾರ. ಕಾನೂನಿನ ಮಾತು ಹಾಗಿರಲಿ, ಅಂಥ ಲೇವಡಿ ಹಾಸ್ಯವಾಗಿಯೂ ಸಪ್ಪೆ: ಅದರಲ್ಲಿ ನಗುವವನ ತಪ್ಪು ಎಲ್ಲೂ ಸಿಕ್ಕಿಬೀಳುವುದಿಲ್ಲ.

ಹೀಗಾಗಿ ಒಮಾನಿನ ಮಟ್ಟಿಗೆ ಮೀಮ್ ಧರ್ಮಪ್ರಚಾರದ ಸಾಧನವಲ್ಲ. ಊರು ಬಿಟ್ಟು ಬಂದ ವಿಶ್ವಾಸಿಗಳು ತಮ್ಮನ್ನು ತಾವೇ ಚುಚ್ಚಿಕೊಳ್ಳುವ ಸಲಿಗೆ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಬಲ್ಲದು. ಫಾರ್ವರ್ಡ್ ಒತ್ತುವ ಮಂದಿ ಇನ್ನಾದರೂ ತಮ್ಮ ಶುಕ್ರವಾರದ ಬಗ್ಗೆ ತಾವೇ ನಾಲ್ಕು ಸಾಲು ಬರೆಯಲಿ.