ಹಳದಿಯೊಳಗಿನ ಕಹಿ

ಬ್ರೆಜಿಲ್ ದೇಶದ ಕಥೆಯೊಂದನ್ನು ನಿಘಂಟಿನ ಆಸರೆಯಿಂದ ಕನ್ನಡಿಸುತ್ತಿದ್ದಾಗ, ಒಂದೆಡೆ ‘ಅವನು ಹಳದಿ ನಗೆ ನಕ್ಕನು’ ಎಂದು ಬರೆದೆ. ಓದಿದ ನನ್ನ ವಿದ್ಯಾರ್ಥಿಯೊಬ್ಬ, “ಮದುವೆಮನೆಯ ನಗೆಯೇ, ಸಾರ್?” ಎಂದು ಕೇಳಿದ. ನಿಘಂಟು ತಪ್ಪಿರಲಿಲ್ಲ, ತಪ್ಪಿದ್ದವನು ನಾನು.

ಪೋರ್ಚುಗೀಸರ ಹಳದಿ ‘ಅಮರೆಲೊ’. ಅದು ನಾಮಪದದ ಹಿಂದೆಯೇ ನಡೆದು ಅದರ ಲಿಂಗವಚನಗಳನ್ನು ಅನುಸರಿಸುತ್ತದೆ: ಪುಸ್ತಕಕ್ಕೆ ‘ಲಿವ್ರೊ ಅಮರೆಲೊ’, ಮನೆಗೆ ‘ಕಾಸಾ ಅಮರೆಲಾ’, ಮನೆಗಳಿಗೆ ‘ಕಾಸಾಸ್ ಅಮರೆಲಾಸ್’. ನಮ್ಮ ‘ಹಳದಿ’ಯಾದರೋ ಎಲ್ಲಿಯೂ ರೂಪ ಬದಲಿಸದು. ಈ ವ್ಯಾಕರಣದ ಭೇದವನ್ನು ಅನುವಾದಕನು ಸುಲಭವಾಗಿ ದಾಟಬಲ್ಲ. ದಾಟಲು ಕಷ್ಟವಾದುದು ಬೇರುಗಳ ಭೇದ. ನಮ್ಮ ಹಳದಿ ಹರಿದ್ರೆಯಿಂದ, ಎಂದರೆ ಅರಿಶಿನದಿಂದ ಬಂದುದು. ಅಮರೆಲೊ ಹುಟ್ಟಿದ್ದು ಕಹಿಯೆಂಬ ಅರ್ಥದ ಲ್ಯಾಟಿನ್ ‘ಅಮಾರುಸ್’ ಶಬ್ದದಿಂದ. ಪಿತ್ತದ ಕಹಿ, ಕಾಮಾಲೆಯ ಮುಖ ಅದರ ಹಿಂದಿವೆಯೆಂದು ಪಂಡಿತರು ಊಹಿಸುತ್ತಾರೆ. ಅವರ ‘ಹಳದಿ ನಗೆ’ ನಮ್ಮ ಪೆಚ್ಚುನಗೆ. ಬ್ರೆಜಿಲ್‌ನ ಆಡುಮಾತಿನಲ್ಲಿ ‘ಅಮರೆಲಾರ್’ ಎಂದರೆ ಎದೆಗುಂದಿ ಹಿಂಜರಿಯುವುದು.

ಹಾಗೆಂದು ಅಲ್ಲಿಯ ಹಳದಿಯೆಲ್ಲ ರೋಗವಲ್ಲ. 1954ರಿಂದ ಬ್ರೆಜಿಲ್‌ನ ಕಾಲ್ಚೆಂಡಾಟಗಾರರು ತೊಟ್ಟ ಅಂಗಿ ಆ ಜನದ ಹೆಮ್ಮೆ. ಮೊಂತೇಯ್ರು ಲೊಬಾತು ಮಕ್ಕಳಿಗಾಗಿ ಕಟ್ಟಿದ ಕಥಾಲೋಕದ ಹೆಸರೇ ‘ಹಳದಿ ಮರಕುಟಿಗದ ತೋಟ’. ಆದರೆ ಇದೇ ಲೊಬಾತು 1914ರಲ್ಲಿ ಜೆಕಾ ತಾತು ಎಂಬ ಹಳ್ಳಿಗನನ್ನು ಚಿತ್ರಿಸಿ, ಸೋಮಾರಿಯೆಂದು ಹಳಿದಿದ್ದರು. 1918ರ ಹೊತ್ತಿಗೆ ಅವರಿಗೆ ಅರಿವಾಯಿತು: ಹಳ್ಳಿಗನನ್ನು ಕುಗ್ಗಿಸಿದ್ದು ಆಲಸ್ಯವಲ್ಲ, ಕೊಕ್ಕೆಹುಳುವಿನ ಬೇನೆ. ರಕ್ತ ಬತ್ತಿ ಮೈ ಬಿಳಿಚುವ ಆ ಬೇನೆಗೆ ಜನರಿಟ್ಟ ಹೆಸರು ‘ಅಮರೆಲಾವ್’. ‘ದೊಡ್ಡ ಹಳದಿ’ ಎಂದಂತೆ. ಲೊಬಾತು ತಮ್ಮ ತೀರ್ಪನ್ನು ತಾವೇ ತಿದ್ದಿಕೊಂಡು, ಹಳ್ಳಿಗರ ಆರೋಗ್ಯಕ್ಕಾಗಿ ಬರೆದರು.

ಅಂಥ ಮುಖವನ್ನು ನಾವು ಬರಿಯ ‘ಹಳದಿ ಮುಖ’ವೆಂದರೆ, ನಮ್ಮ ಓದುಗನು ಅದರಲ್ಲಿ ಅರಿಶಿನ ಹಚ್ಚಿದ ಮುತ್ತೈದೆಯನ್ನು ಕಂಡಾನು! ಬಡವನ ಬೇನೆ ಮಂಗಳವಾಗಿಬಿಡುತ್ತದೆ. ಅಲ್ಲಿ ‘ಬಿಳಿಚಿದ ಮುಖ’ವೆನ್ನಬೇಕು, ತೋಟದ ಮರಕುಟಿಗಕ್ಕೆ ಹಳದಿಯೇ ಸರಿ. ಒಂದೇ ಶಬ್ದಕ್ಕೆ ಎರಡು ಕನ್ನಡವೇ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಲೊಬಾತು ಮನುಷ್ಯನನ್ನೇ ಎರಡನೆಯ ಬಾರಿ ನೋಡಿದರು, ನಾವು ಶಬ್ದವನ್ನಾದರೂ ಎರಡನೆಯ ಬಾರಿ ನೋಡಬಾರದೆ?